ಗೋಣಿಪಾಳ್ಯದ ಖಾಲಿ ಚರ್ಚು

ಕಟ್ಟಡಗಳು ಕದಲುವುದಿಲ್ಲ, ಕಣ್ಣು ಮಿಟುಕಿಸುವುದಿಲ್ಲ, ‘ನನ್ನ ಮೂಗು ದಪ್ಪ ಬಂದಿದೆ’ ಎಂದು ಜಗಳಕ್ಕೆ ಬರುವುದಿಲ್ಲ. ಹಾಗಾಗಿ ಅವುಗಳ ಫೋಟೋ ತೆಗೆಯುವಷ್ಟು ಸುಲಭದ ಕೆಲಸ ಇನ್ನೊಂದಿಲ್ಲ ಎಂದು ಈಗ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಓಡಾಡುವ ಹುಡುಗ ಹುಡುಗಿಯರು ನನ್ನೊಡನೆ ವಾದಿಸುತ್ತಾರೆ. ನಾನು ಈ ಕೆಲಸಕ್ಕೆ ಸೇರಿದಾಗ ನನಗೂ ಹಾಗೇ ಅನಿಸಿತ್ತು. ಎರಡನೇ ಮಹಾಯುದ್ಧದ ಆ ವರ್ಷಗಳಲ್ಲಿ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಹಳ್ಳಿಗಳಲ್ಲಿ ಚರ್ಚು, ಕಲ್ಲಿನ ಶಿಲುಬೆ, ಹಳೇ ಕೊಟ್ಟಿಗೆ, ಕಣಜಗಳ ಚಿತ್ರ ತೆಗೆಯುತ್ತಾ ತಿರುಗಿದ ಮೇಲೆ ಆ ಮಾತನ್ನು ನಾನು ಮತ್ತೆ ಆಡಿಲ್ಲ. ಯಾಕೆ ಎಂದು ಇಲ್ಲಿ ಬರೆದಿಟ್ಟರೆ ಈ ಕೆಲಸಕ್ಕೆ ಬರುವವರಿಗೆ ಪ್ರಯೋಜನವಾದೀತು.

ನನ್ನ ಹೆಸರು ಗಫಾರ್. ಊರು ದೊಡ್ಡಬಳ್ಳಾಪುರ. ಮನೆಯಲ್ಲಿ ದಖ್ಖನಿ, ಬೀದಿಯಲ್ಲಿ ಕನ್ನಡ, ನೂಲು ತರುವವರ ಜೊತೆ ತೆಲುಗು. ನಮ್ಮ ಅಬ್ಬಾ ನೇಕಾರರಿಗೆ ನೂಲಿಗೆ ಬಣ್ಣ ಹಾಕಿಕೊಡುತ್ತಿದ್ದರು. ಅವರ ಮೊಣಕೈವರೆಗೂ ಸದಾ ಯಾವುದಾದರೊಂದು ಬಣ್ಣ ಮೆತ್ತಿರುತ್ತಿತ್ತು. ಬಣ್ಣದ ತೊಟ್ಟಿಯಿಂದ ತಪ್ಪಿಸಿಕೊಂಡು ನಾನು ಬೆಂಗಳೂರಿನ ದಂಡು ಪ್ರದೇಶದಲ್ಲಿ ಒಂದು ಸ್ಟುಡಿಯೋ ಸೇರಿದೆ. ಅಲ್ಲಿ ನನ್ನ ಕೈಗೆ ಹತ್ತಿದ್ದು ಫೋಟೋ ತೊಳೆಯುವ ಔಷಧಿಯ ಕಪ್ಪು ಕಲೆ. ಅಷ್ಟೇ ವ್ಯತ್ಯಾಸ.

ಸ್ಟುಡಿಯೋದ ಯಜಮಾನರು ಮೊದಲಿಯಾರ್ ಎಂಬ ತಮಿಳರು. ಒಳ್ಳೆಯ ಮನುಷ್ಯ, ಆದರೆ ನಗುವುದನ್ನು ಗಿರಾಕಿಗಳಿಗೆ ಮಾತ್ರ ಮೀಸಲಿಟ್ಟಿದ್ದರು. ನನಗೆ ಮೊದಲು ಕಲಿಸಿದ್ದು ಫೋಟೋ ತೆಗೆಯುವುದನ್ನಲ್ಲ, ಅಳಿಸುವುದನ್ನು. ಚಿತ್ರ ಮೂಡಿದ ಗಾಜಿನ ಪ್ಲೇಟಿನ ಮೇಲೆ ಸಣ್ಣ ಚಾಕುವಿನಿಂದ ಹೆರೆದು, ಪೆನ್ಸಿಲಿನಿಂದ ತುಂಬಿ, ವಧುವಿನ ಕೆನ್ನೆಯ ಸಿಡುಬಿನ ಕಲೆ, ಗಂಡಿನ ಕಣ್ಣ ಕೆಳಗಿನ ಸುಕ್ಕು, ಹಿಂದೆ ಅಡ್ಡಬಂದ ನಾಯಿ ಎಲ್ಲವನ್ನೂ ಇಲ್ಲವಾಗಿಸುವ ಕೆಲಸ. ಅದರಲ್ಲಿ ನನ್ನ ಕೈ ಚೆನ್ನಾಗಿ ಪಳಗಿತು.

“ಗಿರಾಕಿ ಏನ್ ಬೇಕು ಅಂತಾನೋ ಅದು ಪ್ಲೇಟಲ್ಲಿ ಇರ್ಬೇಕು. ಏನ್ ಬೇಡ ಅಂತಾನೋ ಅದು ಇರ್ಬಾರ್ದು. ದೇವ್ರು ಮಾಡಿದ್ದು ಹೇಗಿತ್ತು ಅನ್ನೋ ಯೋಚ್ನೆ ನಿನಗೆ ಬೇಡ,” ಎನ್ನುತ್ತಿದ್ದರು ಮೊದಲಿಯಾರ್.

ಒಂದು ದಿನ ಬಿಳಿ ಗಡ್ಡದ ಫ್ರೆಂಚ್ ಪಾದ್ರಿಯೊಬ್ಬರು ಸೈಕಲ್ಲಿನಲ್ಲಿ ಸ್ಟುಡಿಯೋಗೆ ಬಂದರು. ಹಳ್ಳಿಗಳಲ್ಲಿ ಅವರನ್ನು ಲೂಯಿ ಸ್ವಾಮಿಗಳು ಎನ್ನುತ್ತಿದ್ದರು. ಹರೆಯದಲ್ಲೇ ಈ ಕಡೆಗೆ ಬಂದು ರೈತರ ಜೊತೆ ಕಣದಲ್ಲಿ ಕುಳಿತು ಕನ್ನಡ ಕಲಿತವರು. ಕಣ್ಣು ಮುಚ್ಚಿ ಕೇಳಿದರೆ ಮಾಕಳಿದುರ್ಗದ ಕಡೆಯ ಗೌಡರೊಬ್ಬರು ಮಾತಾಡುತ್ತಿದ್ದಾರೆ ಅನಿಸುತ್ತಿತ್ತು. ತಮ್ಮ ಸುಪರ್ದಿನ ಹಳ್ಳಿ ಚರ್ಚುಗಳು, ದಾರಿಬದಿಯ ಶಿಲುಬೆಗಳು, ಅನಾಥ ಮಕ್ಕಳನ್ನು ಸಾಕಿ ಒಕ್ಕಲು ಮಾಡಿಸಿದ ಕಾಲದ ಹಳೇ ಕೊಟ್ಟಿಗೆಗಳು, ಎಲ್ಲದರ ಚಿತ್ರವಿರುವ ಒಂದು ಆಲ್ಬಮ್ ಅವರಿಗೆ ಬೇಕಿತ್ತು. ಆ ಕಟ್ಟಡಗಳಿಗೆ ಸಹಾಯ ಮಾಡಿದ ತಮ್ಮೂರಿನವರಿಗೆ ಯುದ್ಧ ಮುಗಿದು ಹಡಗು ಓಡಾಡಲು ಶುರುವಾದ ಕೂಡಲೇ ಕಳಿಸುವ ಆಸೆ.

“ಒಂದು ಮಾತು ನೆನಪಿರ್ಲಿ ಕಣಪ್ಪ,” ಎಂದರು ನನಗೆ. “ಚಿತ್ರದಾಗೆ ಜನ ಬ್ಯಾಡ. ಗೋಡೆ ಬೇಕು, ಕಂಬ ಬೇಕು, ಶಿಲುಬೆ ಬೇಕು. ಜನ ನಿಂತ್ಕಂಡ್ರೆ ನಮ್ಮೂರೋರು ಅವ್ರ ರುಮಾಲು, ಮೂಗುಬೊಟ್ಟು ನೋಡ್ಕಂಡ್ ಕೂತ್ಬಿಡ್ತಾರೆ. ಚರ್ಚು ನೋಡೋರ್ಯಾರು?”

ಪ್ಲೇಟುಗಳು ಆಗ ಸಿಗುತ್ತಲೇ ಇರಲಿಲ್ಲ. ಎಲ್ಲವೂ ಯುದ್ಧಕ್ಕೆ ಹೋಗುತ್ತಿದ್ದವು. ಒಂದು ಕಟ್ಟಡಕ್ಕೆ ಒಂದೇ ಪ್ಲೇಟು ಎಂದು ಮೊದಲಿಯಾರ್ ಕಟ್ಟಪ್ಪಣೆ ಮಾಡಿದರು. ಹೀಗೆ ನಾನು ಹೊರಟೆ. ಮರದ ಪೆಟ್ಟಿಗೆಯಂಥ ಕ್ಯಾಮೆರಾ, ಅದನ್ನು ನಿಲ್ಲಿಸುವ ಮುಕ್ಕಾಲಿ, ಮುಸುಕು ಹಾಕಿಕೊಳ್ಳುವ ಕಪ್ಪು ಬಟ್ಟೆ, ಹಳೇ ಜಮಖಾನದಲ್ಲಿ ಸುತ್ತಿದ ಗಾಜಿನ ಪ್ಲೇಟುಗಳು. ಇಷ್ಟೂ ಹೊತ್ತು ಪೆಟ್ರೋಲಿನ ಬದಲು ಇದ್ದಿಲ ಗ್ಯಾಸಿನಿಂದ ಓಡುವ ಬಸ್ಸು ಹತ್ತಬೇಕು. ದಿಣ್ಣೆ ಬಂದಾಗ ಬಸ್ಸು ಉಸಿರುಕಟ್ಟಿ ನಿಲ್ಲುತ್ತಿತ್ತು. ಎಲ್ಲರೂ ಇಳಿದು ತಳ್ಳುತ್ತಿದ್ದರು. ನಾನು ಮಾತ್ರ ಇಳಿಯದೆ ಪ್ಲೇಟುಗಳನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದೆ. “ಹೆತ್ತ ಬಾಣಂತಿ ಕೂತಂಗೆ ಕೂತವ್ನೆ ನೋಡು,” ಎಂದು ತಳ್ಳುವವರು ಬೈಯುತ್ತಿದ್ದರು.

ಬಯಲಿನಲ್ಲಿ ಚಿತ್ರ ತೆಗೆಯುವುದು ಬೇಗ ಆಗುತ್ತಿತ್ತು. ಚರ್ಚಿನ ಒಳಗೇ ಕಷ್ಟ. ಹಳ್ಳಿ ಚರ್ಚುಗಳ ಕಿಟಕಿಗಳು ಸಣ್ಣವು, ಒಳಗೆ ಮಬ್ಬು. ಲೆನ್ಸಿನ ಮುಚ್ಚಳ ತೆಗೆದು, ಬೆಳಕು ನಿಧಾನವಾಗಿ ಪ್ಲೇಟಿಗೆ ಇಳಿಯುವವರೆಗೆ ಬಹಳ ಹೊತ್ತು ಕಾದು, ಮತ್ತೆ ಮುಚ್ಚಬೇಕು. ಅಷ್ಟು ಹೊತ್ತಿನಲ್ಲಿ ಯಾರಾದರೂ ಅಡ್ಡಾಡಿದರೂ ಪ್ಲೇಟಿನಲ್ಲಿ ಅವರ ಗುರುತು ಉಳಿಯುವುದಿಲ್ಲ. ಕದಲುವವರು ಮಾಯ, ಕದಲದೆ ಇರುವುದಷ್ಟೇ ಚಿತ್ರ. ನನ್ನ ಬಳಿ ಗಡಿಯಾರ ಇರಲಿಲ್ಲ. ಬಾಯಲ್ಲಿ ಫಾತಿಹಾ ಹೇಳಿಕೊಳ್ಳುತ್ತಾ ಹೊತ್ತು ಅಳೆಯುತ್ತಿದ್ದೆ. ಮಬ್ಬು ಜಾಸ್ತಿ ಇದ್ದರೆ ಇನ್ನಷ್ಟು ಸಲ.

ಹೊಸಕೋಟೆ ಕಡೆಯ ಒಂದು ಚರ್ಚಿನಲ್ಲಿ ಲೂಯಿ ಸ್ವಾಮಿಗಳು ನನ್ನ ಪಕ್ಕದಲ್ಲೇ ನಿಂತಿದ್ದರು. “ಅದೇನಪ್ಪಾ ಒಳಗೊಳಗೇ ಗೊಣಗ್ತೀಯ?” ಎಂದು ಕೇಳಿದರು.

“ಫಾತಿಹಾ ಸ್ವಾಮಿ. ನಮ್ಮ ಪ್ರಾರ್ಥನೆ. ಹೊತ್ತು ಲೆಕ್ಕ ಸಿಗುತ್ತೆ.”

ಅವರು ಗಡ್ಡ ನೀವಿಕೊಂಡರು. ಬೈಯುತ್ತಾರೇನೋ ಎಂದು ನಾನು ಕಾದೆ. “ನಿಧಾನವಾಗಿ ಹೇಳು,” ಎಂದರು. “ಆತುರ ಬೇಡ. ಚಿತ್ರ ಚೆನ್ನಾಗ್ ಬರ್ಲಿ.”

ದೇವನಹಳ್ಳಿಯ ಆಚೆ ಹೊಲಗಳ ನಡುವೆ ಒಂದು ಬಂಡೆಯ ಮೇಲೆ ಹಳೇ ಕಲ್ಲಿನ ಶಿಲುಬೆಯೊಂದಿತ್ತು. ಅದರ ಎದುರು ಮುಕ್ಕಾಲಿ ನಿಲ್ಲಿಸಿ ನಾನು ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದ್ದೆ. ಬೆನ್ನಿಗೆ ಕೋಲು ಚುಚ್ಚಿತು.

“ಲೇ, ಯಾವೋನ್ಲಾ ಅದು ಬಟ್ಟೆ ಒಳ್ಗೆ?”

ಹೊರಗೆ ಬಂದರೆ ಆ ಊರಿನ ಪಟೇಲರು. ಹಿಂದೆ ನಾಲ್ಕಾರು ಜನ. ವಿಮಾನದಿಂದ ಇಳಿಯುವ ಗೂಢಚಾರರ ಕಥೆಗಳು ಆಗ ಎಲ್ಲ ಹಳ್ಳಿಯಲ್ಲೂ ಓಡಾಡುತ್ತಿದ್ದವು.

“ಜಪಾನಿನೋನಾ?”

“ದೊಡ್ಡಬಳ್ಳಾಪುರದೋನು ಪಟೇಲ್ರೆ.”

“ದೊಡ್ಡಬಳ್ಳಾಪುರದಾಗೆ ಯಾರ ಮಗ?”

“ಬಣ್ಣದ ಖಾಸಿಂ ಸಾಬ್ರ ಮಗ.”

ಪಟೇಲರ ಕೋಲು ಕೆಳಗಿಳಿಯಿತು. “ಖಾಸಿಂ ಸಾಬ್ರ ಮಗನಾ! ನಮ್ಮ ಮನೆಯೋಳ ಧಾರೆ ಸೀರೆ ನೂಲಿಗೆ ಬಣ್ಣ ಹಾಕ್ದೋರು ಅವ್ರೇ ಕಣಪ್ಪ. ಇವತ್ತಿಗೂ ಬಿಟ್ಟಿಲ್ಲ ಆ ಬಣ್ಣ.” ಆದರೂ ಅನುಮಾನ ಪೂರ್ತಿ ಹೋಗಿರಲಿಲ್ಲ. ಪೆಟ್ಟಿಗೆಯಲ್ಲಿ ಏನಿದೆ ನೋಡಬೇಕೆಂದರು. ನಾನು ಅವರ ತಲೆಯ ಮೇಲೆ ಕಪ್ಪು ಬಟ್ಟೆ ಹೊದಿಸಿದೆ. ಕ್ಯಾಮೆರಾದ ಹಿಂದಿನ ಮಬ್ಬು ಗಾಜಿನಲ್ಲಿ ಎದುರಿಗಿರುವುದೆಲ್ಲ ತಲೆಕೆಳಗಾಗಿ ಕಾಣುತ್ತದೆ.

“ಅಯ್ಯಯ್ಯೋ! ಬಂಡೆ ಬುಡಮೇಲಾಗೈತೆ!” ಎಂದು ಪಟೇಲರು ಹೊರಗೆ ಬಂದು ಬಂಡೆಯನ್ನು ನೋಡಿದರು. ಅದು ನೆಟ್ಟಗೇ ಇತ್ತು. ಮತ್ತೆ ಒಳಗೆ ಹೋದರು. ಮತ್ತೆ ಹೊರಗೆ ಬಂದರು. ಆಮೇಲೆ ಹೆಂಡತಿಯನ್ನು ಕರೆಸಿದರು. ಆ ಧಾರೆ ಸೀರೆಯ ಅಮ್ಮನೂ ನೋಡಿ, ಕೆನ್ನೆಗೆ ಕೈಯಿಟ್ಟುಕೊಂಡು, ನನಗೆ ಮಜ್ಜಿಗೆ ತರಿಸಿದರು.

ಅಂದಿನಿಂದ ನಾನೊಂದು ಪದ್ಧತಿ ಮಾಡಿಕೊಂಡೆ. ಯಾವ ಊರಿಗೆ ಹೋದರೂ, ಯಾರ ಕಟ್ಟಡವೋ ಅವರಿಗೆ ಮೊದಲು ಗಾಜಿನಲ್ಲಿ ತೋರಿಸಿ ಆಮೇಲೆ ಪ್ಲೇಟು ಹಾಕುವುದು. ಈಗಿನವರಿಗೆ ಇಷ್ಟು ಪುರಸೊತ್ತು ಇರುವುದಿಲ್ಲ ಎಂದು ಬಲ್ಲೆ. ಆದರೂ ಹೇಳುತ್ತೇನೆ, ತೋರಿಸಿ. ತನ್ನದನ್ನು ತಾನು ನೋಡಿದ ಮನುಷ್ಯ ನಿಮಗೆ ಅಡ್ಡ ಬರುವುದಿಲ್ಲ.

ಇನ್ನು ಗೋಣಿಪಾಳ್ಯದ ವಿಷಯ. ಮಾಕಳಿದುರ್ಗದ ರೈಲು ನಿಲ್ದಾಣದಲ್ಲಿ ಇಳಿದು ಗಾಡಿ ಹಿಡಿದು ಹೋಗಬೇಕಾದ ಹಳ್ಳಿ. ಬಹುಪಾಲು ಕ್ರೈಸ್ತ ಒಕ್ಕಲುಗಳು. ಅವರ ಹಿರಿಯರೆಲ್ಲ ತಾತಂದಿರ ಕಾಲದ ದೊಡ್ಡ ಬರದಲ್ಲಿ ದಿಕ್ಕಿಲ್ಲದೆ ಉಳಿದ ಮಕ್ಕಳು. ಆಗಿನ ಪಾದ್ರಿಗಳು ಒಂದು ಉದ್ದನೆಯ ಕೊಟ್ಟಿಗೆ ಕಟ್ಟಿ ಆ ಮಕ್ಕಳನ್ನು ಅದರಲ್ಲಿ ಸಾಕಿದರಂತೆ. ಮಕ್ಕಳು ಬೆಳೆದು ಉಳುಮೆಗೆ ಇಳಿದ ಮೇಲೆ ಚರ್ಚು ಕಟ್ಟಿಕೊಂಡರು. ಕೊಟ್ಟಿಗೆ ಹಾಗೇ ಉಳಿಯಿತು. ಬಾಗಿಲ ಮೇಲಿನ ಕಲ್ಲಿನಲ್ಲಿ ಶಿಲುಬೆ, ಒಳಗೆ ಒಂದು ಕಡೆ ಎತ್ತು, ಇನ್ನೊಂದು ಕಡೆ ರಾಗಿ ಹುಲ್ಲು.

ಊರಿನ ಯಜಮಾನರು ಚೌರಪ್ಪನವರು. ದಪ್ಪ ಮೀಸೆ, ದಪ್ಪ ದನಿ. ಫೋಟೋ ತೆಗೆಯುವವನು ಬರುತ್ತಾನೆಂದು ತಿಳಿದು ಇಡೀ ಚರ್ಚಿಗೆ ಸುಣ್ಣ ಹೊಡೆಸಿ, ತಾವೇ ಏಣಿ ಹತ್ತಿ ಮೂಲೆ ಮೂಲೆ ತಿದ್ದಿದ್ದರು. ಅವರ ರುಮಾಲಿನ ಮೇಲೂ ಸುಣ್ಣದ ಹನಿ. ಮಧ್ಯಾಹ್ನ ಮನೆಗೆ ಕರೆದೊಯ್ದು ಮುದ್ದೆ, ಹುರುಳಿ ಸಾರು ಬಡಿಸಿದರು. ಮಾಡಿದವರೂ ಅವರೇ, ಬಡಿಸಿದವರೂ ಅವರೇ. ಹೆಂಡತಿ ಮರಿಯಮ್ಮ ತೀರಿಕೊಂಡಿದ್ದಾರೆ ಎಂದರು.

“ಮಕ್ಕಳು, ಯಜಮಾನ್ರೆ?” ಎಂದು ಕೇಳಿದೆ.

“ಇಲ್ಲ ಸಾಬ್ರೆ,” ಎಂದು ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದರು.

ಕೊಟ್ಟಿಗೆಯಲ್ಲಿ ಹಸು ಈದಿದ್ದರಿಂದ ಅದರ ಚಿತ್ರ ಸುಗ್ಗಿಯಾದ ಮೇಲೆ ತೆಗೆಯುವುದೆಂದು ನಿಶ್ಚಯವಾಯಿತು. ಆ ದಿನ ಚರ್ಚಿನ ಒಳಗಿನದು ಮಾತ್ರ. ಪಡುವಣ ಕಿಟಕಿಗಳಿಂದ ಬಿಸಿಲು ಬೀಳುವ ಹೊತ್ತಿಗೆ ಹಿಂಭಾಗದಲ್ಲಿ, ದೊಡ್ಡ ಬಾಗಿಲ ಬಳಿ, ಕ್ಯಾಮೆರಾ ನಿಲ್ಲಿಸಿದೆ. ಎದುರಿಗೆ ಪೂಜೆ ನಡೆಯುವ ಪೀಠ, ಅದರ ಎಡಕ್ಕೆ ಮಾತೆಯ ಪ್ರತಿಮೆ. ಚೌರಪ್ಪನವರಿಗೆ ಗಾಜಿನಲ್ಲಿ ತೋರಿಸಿದೆ. ತೃಪ್ತಿಪಟ್ಟು, ಊರಿನವರನ್ನೆಲ್ಲ ಗದರಿಸಿ ಅಂಗಳದಾಚೆಗೆ ಅಟ್ಟಿದರು. ನಾನು ಪ್ಲೇಟು ಹಾಕಿ, ಮುಚ್ಚಳ ತೆಗೆದು, ಮಕ್ಕಳು ಒಳಗೆ ನುಗ್ಗದಂತೆ ದೊಡ್ಡ ಬಾಗಿಲಿಗೆ ಅಡ್ಡವಾಗಿ ಚರ್ಚಿಗೆ ಬೆನ್ನು ಮಾಡಿ ನಿಂತೆ. ಫಾತಿಹಾ ಶುರು ಮಾಡಿದೆ.

ಇನ್ನೇನು ಮುಚ್ಚಬೇಕು ಎನ್ನುವಾಗ ತಿರುಗಿ ನೋಡಿದೆ. ಮಾತೆಯ ಪ್ರತಿಮೆಯ ಮುಂದೆ ಒಬ್ಬಳು ಹೆಂಗಸು ಮಂಡಿಯೂರಿ ಕೂತಿದ್ದಳು. ಮಾಸಲು ನೀಲಿ ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮೈ ಸ್ವಲ್ಪ ಎಡಕ್ಕೆ ವಾಲಿಸಿ, ಕಲ್ಲಿನ ಹಾಗೆ. ಪಕ್ಕದ ಸಣ್ಣ ಬಾಗಿಲಿನಿಂದ ಬಂದಿರಬೇಕು. ಎಷ್ಟು ಹೊತ್ತಾಗಿತ್ತೋ ತಿಳಿಯದು.

ನನ್ನ ಕೈ ಮುಚ್ಚಳಕ್ಕೆ ಹೋಯಿತು. ಜನ ಬ್ಯಾಡ ಎಂದಿದ್ದರು ಸ್ವಾಮಿಗಳು. ಆದರೆ ಕೈ ಅಲ್ಲೇ ನಿಂತಿತು. ಬೆಳಕು ಅವಳ ಹೆಗಲ ಮೇಲೆ ಬಹಳ ಚೆನ್ನಾಗಿ ಬಿದ್ದಿತ್ತು, ಅದಕ್ಕೇ ಮುಚ್ಚಲಿಲ್ಲ. ಇದಕ್ಕಿಂತ ದೊಡ್ಡ ಕಾರಣ ಹೇಳಿದರೆ ಸುಳ್ಳಾಗುತ್ತದೆ. ಇನ್ನೂ ಒಂದೆರಡು ಫಾತಿಹಾ ಹೇಳಿ ಆಮೇಲೆ ಮುಚ್ಚಿದೆ.

ಮುಚ್ಚಳದ ಸದ್ದಿಗೆ ಅವಳು ಬೆಚ್ಚಿ ಎದ್ದಳು. ಇನ್ನೂ ಚಿಕ್ಕ ವಯಸ್ಸು.

“ಸಾಬ್ರೆ, ನಮ್ಮಪ್ಪಂಗೆ ಹೇಳ್ಬೇಡಿ. ನಿಮ್ ಕಾಲಿಗ್ ಬೀಳ್ತೀನಿ.”

“ನಿಮ್ಮಪ್ಪ ಯಾರಮ್ಮ?”

“ಯಜಮಾನ್ರು.”

ಅವಳ ಹೆಸರು ಲೂರ್ದಮ್ಮ. ಪಕ್ಕದ ಹಟ್ಟಿಯ ಗಾಡಿ ಮುನಿಯಪ್ಪನನ್ನು ಒಪ್ಪಿ, ಅಪ್ಪ ಬೇಡವೆಂದರೂ ಕೇಳದೆ, ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿ ತಾಳಿ ಕಟ್ಟಿಸಿಕೊಂಡಿದ್ದಳು. ಬೇರೆ ದೇವರ ಮುಂದೆ ಮದುವೆಯಾದವಳು ಚರ್ಚಿನೊಳಗೆ ಕಾಲಿಡಬಾರದು ಎಂದು ಊರಿನ ಹಿರಿಯರು ಕಟ್ಟು ಮಾಡಿದರು. ಹಿರಿಯರ ಪರವಾಗಿ ಅದನ್ನು ಅಂಗಳದಲ್ಲಿ ನಿಂತು ಹೇಳಿದವರು ಚೌರಪ್ಪನವರೇ. ಅಂದಿನಿಂದ ಪ್ರತಿ ಭಾನುವಾರ ಅವಳು ಹೊರಗೆ ಹುಣಿಸೇ ಮರದ ಕೆಳಗೆ ನಿಂತು ಪೂಜೆ ಕೇಳಿಸಿಕೊಂಡು ಹೋಗುತ್ತಿದ್ದಳು.

“ಇವತ್ತು ನಮ್ಮವ್ವ ಹೋದ ದಿನ. ಎಲ್ರೂ ಆಚೆ ಹೋದ್ರಲ್ಲ, ಒಂದ್ ಗಳಿಗೆ ಕೂತೋಗಣ ಅಂತ ಬಂದೆ,” ಎಂದು ಕ್ಯಾಮೆರಾ ಕಡೆ ನೋಡಿದಳು. “ಆ ಪೆಟ್ಗೆ ಒಳ್ಗೆ ನಾನೂ ಬಂದಿರ್ತೀನಾ?”

“ಕದಲಿದ್ರೆ ಬಂದಿರಲ್ಲಮ್ಮ.”

“ನಾನು ಕದಲ್ಲಿಲ್ವಲ್ಲ,” ಎಂದಳು ಗಾಬರಿಯಲ್ಲಿ. ದೊಡ್ಡ ಬಾಗಿಲ ಕಡೆ ಚೌರಪ್ಪನವರ ದನಿ ಕೇಳಿಸಿತು. ಅವಳು ಸಣ್ಣ ಬಾಗಿಲಿನಿಂದ ಹೊರಟುಹೋದಳು.

ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಆ ಪ್ಲೇಟನ್ನು ಔಷಧಿಗೆ ಹಾಕುವಾಗ, ಅವಳು ಮೂಡದೇ ಇರಲಿ ಎಂದು ಬಯಸಿದೆ. ಕೆಂಪು ದೀಪದ ಕೆಳಗೆ ಕಿಟಕಿ ಬಂತು, ಪೀಠ ಬಂತು, ಆಮೇಲೆ ಅವಳು ಬಂದಳು. ಆ ಕಾಲದ ಪ್ಲೇಟಿಗೆ ನೀಲಿ ಬಣ್ಣ ಬಿಳಿಯಾಗಿ ಕಾಣುತ್ತಿತ್ತು. ಪ್ರಿಂಟು ಹಾಕಿದಾಗ ಅವಳ ಮಾಸಲು ಸೀರೆ ಹೊಸ ಸುಣ್ಣಕ್ಕಿಂತ ಬೆಳ್ಳಗಿತ್ತು.

ಮೊದಲಿಯಾರ್ ನೋಡಿ ಹುಬ್ಬು ಗಂಟಿಕ್ಕಿದರು. “ಯಾರಿದು? ಗಿರಾಕಿ ಖಾಲಿ ಚರ್ಚು ಕೇಳಿದ್ದು. ಹೆರೆದುಬಿಡು.”

ಹೆರೆಯುವುದು ನನಗೆ ಅರ್ಧ ದಿನದ ಕೆಲಸ. ಗೋಡೆಯ ಬಣ್ಣ ತುಂಬಿಬಿಟ್ಟರೆ ಅವಳಿದ್ದಳೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳೂ ಅದನ್ನೇ ಬೇಡಿಕೊಂಡಿದ್ದಳಲ್ಲ? ಮೊದಲಿಯಾರರಿಗೂ ಅದೇ ಬೇಕು, ಸ್ವಾಮಿಗಳಿಗೂ ಅದೇ ಬೇಕು. ಚಾಕು ಹಿಡಿದು ಕೂತೆ. ಆದರೆ ಸಿಡುಬಿನ ಕಲೆ ತೆಗೆದಷ್ಟು ಹಗುರವಾಗಿ ಈ ಕೆಲಸಕ್ಕೆ ಕೈ ಬರಲಿಲ್ಲ. ಅವಳನ್ನೇ ಒಂದು ಮಾತು ಕೇಳದೆ ಹೇಗೆ ಹೆರೆಯುವುದು ಅನಿಸಿತು. ಊರಿಗೆ ಹೋಗಿ ಅಮ್ಮಿಯನ್ನು ನೋಡಿ ಬರುತ್ತೇನೆಂದು ರಜೆ ಕೇಳಿ, ಪ್ರಿಂಟನ್ನು ಬಟ್ಟೆಯಲ್ಲಿ ಸುತ್ತಿಕೊಂಡು ರೈಲು ಹತ್ತಿದೆ.

ಮುನಿಯಪ್ಪನ ಗುಡಿಸಲ ಮುಂದೆ ಗಾಡಿಯ ಗಾಲಿ ಬಿಚ್ಚಿ ಹಾಕಿತ್ತು. ತೆಳ್ಳಗಿನ, ಮಾತು ಕಡಿಮೆಯ ಹುಡುಗ. ಲೂರ್ದಮ್ಮ ಕೈ ಒರೆಸಿಕೊಂಡು ಪ್ರಿಂಟು ಹಿಡಿದಳು. ಮೊದಲು ಮಾತೆಯ ಪ್ರತಿಮೆಯನ್ನು ನೋಡಿದಳು, ಪೀಠವನ್ನು ನೋಡಿದಳು, ಕಿಟಕಿಗಳನ್ನು ನೋಡಿದಳು. ತನ್ನನ್ನು ನೋಡಿಕೊಂಡದ್ದು ಕೊನೆಗೆ.

ನಾನು ವಿಷಯ ಹೇಳಿದೆ. “ನೀನು ಹೂಂ ಅಂದ್ರೆ ಹೆರೆದು ತೆಗೀತೀನಮ್ಮ. ಒಂದು ಗುರುತೂ ಉಳಿಯಲ್ಲ.”

“ತೆಗ್ದಾಕ್ಬಿಡಿ ಸಾಬ್ರೆ,” ಎಂದ ಮುನಿಯಪ್ಪ. “ಈಗ್ಲೇ ಸಾಕಷ್ಟು ಅನ್ನಿಸ್ಕಂಡವ್ಳೆ. ಇನ್ನೊಂದ್ಸಲ ಯಾಕೆ ಬೈಸೋದು?”

ಲೂರ್ದಮ್ಮ ಪ್ರಿಂಟನ್ನು ಜೋಪಾನವಾಗಿ ನನ್ನ ಕೈಗಿಟ್ಟಳು.

“ಬ್ಯಾಡ. ಊರೋರು ಆಚೆ ನಿಲ್ಸವ್ರೆ, ಆಯ್ತು. ಚಿತ್ರದಿಂದಾನೂ ಆಚೆ ಹಾಕ್ಬೇಕಾ? ಸ್ವಾಮ್ಗೋಳಿಗೆ ತೋರ್ಸಿ. ಬೈದ್ರೆ ನನ್ನ ಬೈಲಿ.”

ಲೂಯಿ ಸ್ವಾಮಿಗಳು ತಮ್ಮ ಬಂಗಲೆಯ ಜಗಲಿಯಲ್ಲಿ ಕೂತು ಪ್ರಿಂಟುಗಳನ್ನು ಒಂದೊಂದಾಗಿ ನೋಡಿದರು. ಹೊಸಕೋಟೆಯದಕ್ಕೆ ತಲೆದೂಗಿದರು, ದೇವನಹಳ್ಳಿಯ ಬಂಡೆಗೆ ಭೇಷ್ ಎಂದರು. ಗೋಣಿಪಾಳ್ಯದ್ದು ಬಂದಾಗ, “ಇದೇನಪ್ಪಾ, ಜನ ಬ್ಯಾಡ ಅಂದಿದ್ನಲ್ಲ,” ಎಂದು ನಗುತ್ತಲೇ ಹತ್ತಿರಕ್ಕೆ ಹಿಡಿದುಕೊಂಡರು. ನಗು ನಿಂತಿತು.

“ಚೌರಪ್ಪನ ಮಗಳಲ್ವೇನಪ್ಪಾ?”

“ಹೌದು ಸ್ವಾಮಿ.” ನಡೆದದ್ದನ್ನೆಲ್ಲ ಹೇಳಿದೆ. ಮೊದಲಿಯಾರ್ ಹೆರೆಯಲು ಹೇಳಿದ್ದು, ಅವಳು ಬೇಡವೆಂದದ್ದು, ಎಲ್ಲ. ಅವರು ಕನ್ನಡಕ ತೆಗೆದು ಒರೆಸಿದರು. ಎದ್ದು ಒಳಗೆ ಹೋಗಿ ಟೋಪಿ ಹಾಕಿಕೊಂಡು ಬಂದರು.

“ನಡಿ, ಗೋಣಿಪಾಳ್ಯಕ್ಕೆ ಹೋಗಿ ಬರಣ.”

ಚೌರಪ್ಪನವರು ಮನೆಯ ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದರು. ಸ್ವಾಮಿಗಳು ಏನೂ ಹೇಳದೆ ಪ್ರಿಂಟನ್ನು ಅವರ ಕೈಗೆ ಕೊಟ್ಟರು. ಅವರು ಅದನ್ನು ಬಿಸಿಲಿಗೆ ತಿರುಗಿಸಿ ಹಿಗ್ಗಿದರು.

“ಸುಣ್ಣ ಎಷ್ಟ್ ಚೆಂದಾಗ್ ಕಾಣ್ತೈತೆ ನೋಡಿ ಸ್ವಾಮಿ! ಮೇಣದ ಬತ್ತಿ ಕಂಬ ಬಂದೈತೆ. ಮಾತೆ ಕಿರೀಟಾನೂ ಬಂದೈತೆ...” ಅವರ ಬೆರಳು ಪ್ರಿಂಟಿನ ಮೇಲೆ ಸರಿಯುತ್ತಾ ಸರಿಯುತ್ತಾ ನಿಂತಿತು. “ಇದ್ಯಾರು?”

ಚೌರಪ್ಪನವರ ದಪ್ಪ ದನಿ ಸಣ್ಣಗಾಯಿತು.

“ಸ್ವಾಮಿ, ಇದು ನಮ್ಮ ಮರಿಯಮ್ಮ. ಇದು ಅವ್ಳು ಕೂರ್ತಿದ್ದ ಜಾಗ. ಮಂಡಿ ನೋವು ಅವ್ಳಿಗೆ, ಹಿಂಗೇ ಎಡಕ್ಕೆ ವಾಲ್ಕಂಡ್ ಕೂರೋಳು.” ನನ್ನ ಕಡೆ ತಿರುಗಿದರು. “ಸಾಬ್ರೆ, ಹೋದೋರೂ ಬರ್ತಾರಾ ನಿಮ್ ಪೆಟ್ಗೇಲಿ?”

ಉತ್ತರ ಕೊಟ್ಟವರು ಸ್ವಾಮಿಗಳು.

“ಮರಿಯಮ್ಮ ಅಲ್ಲ ಕಣಪ್ಪ. ಮರಿಯಮ್ಮನ ಮಗಳು.”

ಚೌರಪ್ಪನವರು ಪ್ರಿಂಟನ್ನು ಜಗಲಿಯ ಮೇಲಿಟ್ಟರು. ಅಲ್ಲಿ ಧೂಳಿತ್ತು. ಮತ್ತೆ ಎತ್ತಿಕೊಂಡು ಟವಲ್ಲಿನಿಂದ ಒರೆಸಿ ತೊಡೆಯ ಮೇಲಿಟ್ಟುಕೊಂಡರು.

“ಯಾವಾಗ್ ಬಂದ್ಲು?”

“ಅವತ್ತೇ ಯಜಮಾನ್ರೆ. ನೀವು ಎಲ್ರನ್ನೂ ಆಚೆ ಕಳಿಸಿದ್ರಲ್ಲ, ಆಗ. ಅವ್ವ ಹೋದ ದಿನ ಅಂತ ಬಂದಿದ್ಲು.”

ಅವರು ಕೈಬೆರಳು ಮಡಿಸಿ ತಿಂಗಳು, ತಿಥಿ ಏನೋ ಎಣಿಸಿಕೊಂಡರು. “ಹೌದಲ್ಲ,” ಎಂದರು. “ಸುಣ್ಣ ಹೊಡೆಯೋ ಗ್ಯಾನದಾಗೆ ನಂಗೆ ಮರ್ತೇ ಹೋಗಿತ್ತು.” ಅಷ್ಟು ಹೇಳಿ ರುಮಾಲು ಬಿಚ್ಚಿ ಮುಖಕ್ಕೆ ಒತ್ತಿಕೊಂಡರು. ಆ ದೊಡ್ಡ ಮನುಷ್ಯನ ಹೆಗಲು ಅಲುಗಾಡುವುದನ್ನು ನೋಡಲಾರದೆ ನಾನು ಅಂಗಳಕ್ಕೆ ಇಳಿದೆ.

ಸ್ವಾಮಿಗಳು ಹೇಳುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು. “ಆಚೆ ನಿಲ್ಸಿ ಅಂದೋನು ನೀನು. ಹೂಂ ಅಂದೋನು ನಾನು. ಈ ಮದುವೇನ ಒಪ್ಪಿ ಅಂತ ಬಿಷಪರನ್ನ ಕೇಳ್ತೀನಿ. ನೀನು ಅಡ್ಡ ಬರ್ತೀಯಾ?”

ಆಮೇಲೆ ಚೌರಪ್ಪನವರ ದನಿ. “ಮಗಳು ಬರ್ಲಿ ಸ್ವಾಮಿ. ಅವ್ನ ಮಾತು ಮಾತ್ರ ನನ್ ಹತ್ರ ಎತ್ಬೇಡಿ.”

ಬಿಷಪರ ಅಪ್ಪಣೆ ಬರಲು ತಿಂಗಳುಗಳೇ ಹಿಡಿದವು. ಮುನಿಯಪ್ಪ ತನ್ನ ಮನೆದೇವರನ್ನು ಬಿಡಲಿಲ್ಲ, ಬಿಡು ಎಂದು ಅವನನ್ನು ಯಾರೂ ಕೇಳಲಿಲ್ಲ. ಇಂಥ ಮದುವೆಗಳನ್ನು ಪೀಠದ ಮುಂದೆ ಮಾಡುವ ಪದ್ಧತಿ ಆಗ ಇರಲಿಲ್ಲವಾದ್ದರಿಂದ ಸ್ವಾಮಿಗಳು ತಮ್ಮ ಬಂಗಲೆಯಲ್ಲೇ ಇಬ್ಬರನ್ನೂ ಆಶೀರ್ವದಿಸಿದರಂತೆ. ಮುಂದಿನ ಭಾನುವಾರ ಲೂರ್ದಮ್ಮ ದೊಡ್ಡ ಬಾಗಿಲಿನಿಂದಲೇ ಒಳಗೆ ಬಂದು ಅವ್ವನ ಜಾಗದಲ್ಲಿ ಕೂತಳಂತೆ. ಮುನಿಯಪ್ಪ ಗಾಡಿಯ ಬಳಿಯೇ ಉಳಿದನಂತೆ. ಮಾವನೂ ಅವನೂ ಎದುರಾದರೆ ಇಬ್ಬರೂ ಎತ್ತುಗಳ ಕಡೆ ನೋಡುತ್ತಿದ್ದರಂತೆ. ಇದೆಲ್ಲ ನಾನು ಕೇಳಿ ತಿಳಿದದ್ದು. ಮೊದಲಿಯಾರ್ ಮಾತ್ರ ಆ ಪ್ಲೇಟು ಕಂಡಾಗಲೆಲ್ಲ, “ಖಾಲಿ ಚರ್ಚಂತೆ ಖಾಲಿ ಚರ್ಚು,” ಎಂದು ಗೊಣಗುತ್ತಿದ್ದರು. ಗಿರಾಕಿಯೇ ಒಪ್ಪಿಕೊಂಡ ಮೇಲೆ ಅವರು ಇನ್ನೇನು ಮಾಡಿಯಾರು? ಆಲ್ಬಮ್ಮಿಗೆ ಆ ಚಿತ್ರ ಹಾಗೇ ಸೇರಿತು.

ಸುಗ್ಗಿ ಮುಗಿದ ಮೇಲೆ ಕೊಟ್ಟಿಗೆಯ ಚಿತ್ರಕ್ಕಾಗಿ ಮತ್ತೆ ಗೋಣಿಪಾಳ್ಯಕ್ಕೆ ಹೋದೆ. ಲೂಯಿ ಸ್ವಾಮಿಗಳೂ ಬಂದಿದ್ದರು. ಕೈಯಲ್ಲಿ ಉಳಿದಿದ್ದದ್ದು ಎರಡೇ ಪ್ಲೇಟು, ಕೊಟ್ಟಿಗೆಗೊಂದು, ಊರ ಮುಂದಿನ ಕಲ್ಲಿನ ಶಿಲುಬೆಗೊಂದು. ಕಣದ ಬಣವೆಗಳ ಹಿಂದೆ ಹಳೇ ಕೊಟ್ಟಿಗೆ ಎಳೆ ಬಿಸಿಲಿನಲ್ಲಿ ಬೆಚ್ಚಗೆ ನಿಂತಿತ್ತು.

“ಎತ್ತು ಇಲ್ದಿದ್ರೆ ಅದು ಕೊಟ್ಟಿಗೆ ಹೆಂಗಾಯ್ತದೆ ಸ್ವಾಮಿ?” ಎಂದು ಚೌರಪ್ಪನವರು ತಮ್ಮ ಜೋಡಿಯನ್ನು ಬಾಗಿಲ ಮುಂದೆ ತಂದು ನಿಲ್ಲಿಸಿದರು. ಸ್ವಾಮಿಗಳು ಬೇಡ ಎನ್ನಲಿಲ್ಲ. ಎತ್ತು ಹಿಡಿಯಲು ಚೌರಪ್ಪನವರೇ ನಿಂತರು. ಆಮೇಲೆ ಮಗಳನ್ನು ಕರೆದು ಪಕ್ಕಕ್ಕೆ ನಿಲ್ಲಿಸಿಕೊಂಡರು. ಮುನಿಯಪ್ಪ ಕಣದ ಆಚೆ, ತನ್ನ ಗಾಡಿಯ ಮೂಕಿಗೆ ಒರಗಿ ನಿಂತಿದ್ದ.

ನನ್ನ ಪದ್ಧತಿಯಂತೆ ಚೌರಪ್ಪನವರಿಗೆ ಗಾಜಿನಲ್ಲಿ ತೋರಿಸಿದೆ. ಬಟ್ಟೆಯೊಳಗೆ ಅವರು ಬಹಳ ಹೊತ್ತು ಇದ್ದರು. ಹೊರಗೆ ಬಂದು ಮಗಳ ಪಕ್ಕದ ಜಾಗವನ್ನು ನೋಡಿದರು, ಗಾಡಿಯ ಕಡೆ ನೋಡಿದರು.

“ಅಲ್ಯಾಕ್ ನಿಂತಿದೀಯ? ಎತ್ತು ಹಿಡ್ಕೋಳಕೆ ನಂಗೊಬ್ನಿಗೇ ಆಯ್ತದಾ? ಬಾರಯ್ಯ,” ಎಂದು ಕೂಗಿದರು.

ಮುನಿಯಪ್ಪ ಹಿಂದೆ ಮುಂದೆ ನೋಡಿ ಬಂದು, ಲೂರ್ದಮ್ಮನ ಪಕ್ಕ ನಿಂತು ಒಂದು ಎತ್ತಿನ ಮೂಗುದಾರ ಹಿಡಿದ. ನಾನು ಮುಚ್ಚಳ ತೆಗೆದೆ. ಅಷ್ಟರಲ್ಲಿ ಎತ್ತು ತಲೆ ಕೊಡವಿತು. ಅದನ್ನು ಹಿಡಿಯಲು ಮುನಿಯಪ್ಪ ಪೂರಾ ತಿರುಗಿಬಿಟ್ಟ.

ಮುಚ್ಚಳ ಹಾಕಿ, “ಎಲ್ಲಾ ಬಂದಿರುತ್ತೆ ಯಜಮಾನ್ರೆ, ಮುನಿಯಪ್ಪನ ಮುಖ ಮಾತ್ರ ಬರಲ್ಲ. ಕದಲಿಬಿಟ್ಟ,” ಎಂದೆ.

“ಇನ್ನೊಂದು ತೆಗೀರಿ.”

“ಉಳಿದಿರೋದು ಒಂದೇ ಪ್ಲೇಟು. ಅದು ಶಿಲುಬೆಗೆ ಅಂತ ಇಟ್ಟಿದೀನಿ.”

ಚೌರಪ್ಪನವರು ಸ್ವಾಮಿಗಳ ಮುಖ ನೋಡಿದರು. ಆಮೇಲೆ ನನ್ನ ಮುಖ.

“ಶಿಲುಬೆ ಎಲ್ಲೂ ಹೋಗಲ್ಲ ಸಾಬ್ರೆ, ಅಲ್ಲೇ ಇರ್ತದೆ. ನಮ್ಮ ಅಳಿಯನ ಮುಖ ಬರ್ದಿದ್ರೆ ಹೆಂಗೆ? ಹಾಕಿ ಅದನ್ನೇ.”

ಲೂರ್ದಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಸ್ವಾಮಿಗಳು ಎತ್ತಿನ ಕಡೆ ತಿರುಗಿ ಅದರ ಕೊರಳ ಗಂಗೆದೊಗಲು ನೀವತೊಡಗಿದರು. ನಾನು ಪ್ಲೇಟು ಬದಲಾಯಿಸಿ, ಎಲ್ಲರೂ ಸಿದ್ಧವೇ ಎಂದು ಕೇಳಿ, ಮುಚ್ಚಳ ತೆಗೆದೆ.

ಮುನಿಯಪ್ಪ ಈ ಸಲ ಉಸಿರು ಸಹ ಬಿಡಲಿಲ್ಲ.